ಸೂಪ್ ಪುಡಿಗೆ ಪೇಪರ್ ಅಂಗಿ

ಮಾರ್ಚ್ 4, ಬೆಳಗ್ಗೆ

ಬಾತ್‌ರೂಮಿನ ಶೆಲ್ಫ್ ಮೇಲೆ ಮೂರು ಪೌಚ್ ನಿಲ್ಲಿಸಿದೆ. ಮೂರರಲ್ಲೂ ನಮ್ಮದೇ ಟೊಮ್ಯಾಟೊ ಸೂಪಿನ ಪುಡಿ. ಒಂದು ಬರೀ ದಪ್ಪ ಪೇಪರ್. ಇನ್ನೊಂದರ ಒಳಮೈಗೆ ಮೇಣ. ಮೂರನೆಯದಕ್ಕೆ ಮರದ ತಿರುಳಿನ ತೆಳು ಹಾಳೆಯ ಒಳಪದರ. ಮಣ್ಣಿಗೆ ಹಾಕಿದರೆ ಕರಗುತ್ತದಂತೆ. ಇಪ್ಪತ್ತೊಂದು ದಿನ ಮನೆಮಂದಿಯ ಸ್ನಾನದ ಹಬೆ ತಡೆದುಕೊಂಡದ್ದು ಪಾಸ್.

ಗಂಡ ಟವೆಲ್ ಸುತ್ತಿಕೊಂಡೇ ಗೊಣಗಿದ, "ಸೋಪ್ ಇಡೋಕೂ ಜಾಗ ಬಿಟ್ಟಿಲ್ಲವಲ್ಲೇ." ತಲೆ ಮೇಲೆ ಇಟ್ಕೋ ಅಂದೆ.

ಮಾರ್ಚ್ 5

ಇಷ್ಟೆಲ್ಲ ಯಾಕೆಂದರೆ... ಹೋದ ತಿಂಗಳು ಹಿಂದಿನ ಬೀದಿಯ ಚರಂಡಿಯಲ್ಲಿ ನಮ್ಮದೇ ಪ್ಲಾಸ್ಟಿಕ್ ಕವರ್ ಕಂಡೆ. ಎರಡು ವರ್ಷ ಹಳೆಯ ಬ್ಯಾಚ್. ಲೇಬಲ್ಲಿನ ಟೊಮ್ಯಾಟೊ ಇನ್ನೂ ಕೆಂಪಗೆ ನಗುತ್ತಿತ್ತು. ನಾಚಿಕೆಯಾಯಿತು. ಅಂದಿನಿಂದ ಕನಸಿನಲ್ಲಿ ನಮ್ಮ ಕವರ್‌ಗಳು ಮೀನಿನ ಹಾಗೆ ತೇಲಿಹೋಗುತ್ತವೆ. ಹಿಂದೆ ನಾನು, ಬುಟ್ಟಿ ಹಿಡಿದು.

ಅತ್ತೆ ಒಪ್ಪಬೇಕು. ಈ ಪುಡಿ ಶುರುಮಾಡಿದವರೇ ಅವರು. ಪ್ರತಿ ಬ್ಯಾಚಿನ ಪ್ಯಾಕೆಟ್ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಒಣಗಿದ್ದರೆ ಸರಸರ. ತೇವ ಹಿಡಿದಿದ್ದರೆ ಮಂಕು ಸದ್ದು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. "ನನ್ನ ಕಿವಿ ಒಪ್ಪಿದ್ರೆ ಪ್ಲಾಸ್ಟಿಕ್ ಬಿಡ್ತೀನಿ. ಇಲ್ಲಾಂದ್ರೆ ಮತ್ತೆ ಆ ಮಾತು ಎತ್ತಬೇಡ" ಅಂದಿದ್ದಾರೆ. ಹೂಂ ಅಂದುಬಿಟ್ಟಿದ್ದೇನೆ, ಪೆದ್ದಿ ನಾನು.

ಮಾರ್ಚ್ 13, ಮಧ್ಯಾಹ್ನ

ಪುಡಿ ಮಾಡುವ ರೂಮು. ಕಿಟಕಿಯ ಬಿಸಿಲಿನಲ್ಲಿ ಕೆಂಪು ಧೂಳು ತೇಲುತ್ತಿತ್ತು. ರೂಮಿಗೆ ಮಾತ್ರ ಸಂಜೆಯಾದ ಹಾಗೆ. ನೋಡುತ್ತಾ ನಿಂತುಬಿಟ್ಟೆ, ಎಷ್ಟು ಹೊತ್ತೋ.

"ಮಷಿನ್ ಖಾಲಿ ತಿರುಗ್ತಾ ಇದೆ, ಮಹಾರಾಣಿ" ಅಂದರು ಅತ್ತೆ. ಇಬ್ಬರ ರೆಪ್ಪೆಯ ಮೇಲೂ ಟೊಮ್ಯಾಟೊ. ನಕ್ಕು ನಕ್ಕು ಸಾಕಾಯಿತು.

ಮಾರ್ಚ್ 25

ಇಪ್ಪತ್ತೊಂದು ದಿನ ಮುಗಿಯಿತು. ಅತ್ತೆ ಸ್ಟೂಲ್ ಮೇಲೆ ಕೂತು ಕಣ್ಣು ಮುಚ್ಚಿದರು. ಮೊದಲನೆಯದನ್ನು ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಇನ್ನೊಂದು ಕಿವಿಗೆ ಹಿಡಿದರು. ಉಳಿದೆರಡಕ್ಕೂ ಹಾಗೇ. ಮುಖ ಸಣ್ಣಗಾಯಿತು.

"ಮೂರೂ ಚೆನ್ನಾಗಿದೆ" ಅಂದು ಎದ್ದು ಹೋದರು.

ಕುಣಿಯುವಷ್ಟು ಖುಷಿ. ಕತ್ತರಿ ತಂದು ಬಿಚ್ಚಿದೆ. ಮೊದಲನೆಯದು ಗಂಟುಗಂಟು. ಎರಡನೆಯದರಲ್ಲಿ ಬಟಾಣಿಯಷ್ಟು ಉಂಡೆಗಳು. ಮೂರನೆಯದು ಮಾತ್ರ ಹುಡಿಹುಡಿ.

ಸುಳ್ಳು ಹೇಳಿದರು. ನಮ್ಮ ಅತ್ತೆ!

ಮಾರ್ಚ್ 26

ಮುಖ ಊದಿಸಿಕೊಂಡೇ ಇದ್ದೇನೆ. ಅವರೂ ಯಾಕೆಂದು ಕೇಳಲಿಲ್ಲ.

ಏಪ್ರಿಲ್ 2

ತಡೆಯಲಾಗಲಿಲ್ಲ. ಇನ್ನೊಂದು ಪೇಪರ್ ಪೌಚಿಗೆ ಪುಡಿ ತುಂಬಿ ನಾನೇ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಚರಪರ ಚರಪರ... ಬರೀ ಪೇಪರಿನ ಗಲಾಟೆ! ಒಳಗೆ ಪುಡಿ ಇದೆಯೋ ಮರಳಿದೆಯೋ ಆ ದೇವರಿಗೇ ಗೊತ್ತು. ಹಳೆಯ ಮೆತ್ತನೆಯ ಪ್ಲಾಸ್ಟಿಕ್ ಸದ್ದೇ ಮಾಡುತ್ತಿರಲಿಲ್ಲವಲ್ಲ.

ಓಡಿದೆ. ಅತ್ತೆ ಟೆರೇಸ್ ಮೇಲೆ ಬಟ್ಟೆ ಒಣಹಾಕುತ್ತಿದ್ದರು.

"ಅತ್ತೆ, ಪೇಪರಿನ ಸದ್ದಲ್ಲಿ ಯಾರಿಗೂ ಏನೂ ಕೇಳಿಸಲ್ಲ! ನನಗೂ ಕೇಳಿಸ್ಲಿಲ್ಲ!"

ಕ್ಲಿಪ್ ಕೈಯಲ್ಲೇ ಉಳಿಯಿತು. "ನಿಜವಾಗ್ಲೂ?"

"ನಿಮ್ಮಾಣೆ."

ಅಲ್ಲೇ ಕುಸಿದು ಕೂತರು. "ಕಿವಿ ಹೋಯ್ತು ಅಂದ್ಕೊಂಡೆ ಕಣೇ. ಬಾಯಿ ಬಿಟ್ರೆ ನನ್ನ ಮೂಲೆಗೆ ಕೂರಿಸಿಬಿಡ್ತೀರ ಅಂತ... ಎಂಟು ದಿನದಿಂದ ಊಟ ಸೇರ್ತಾ ಇಲ್ಲ."

ಅಯ್ಯೋ, ಆ ಎಂಟು ದಿನವೂ ಸಿಟ್ಟು ಸಾಕಿಕೊಂಡು ಕೂತಿದ್ದೆನಲ್ಲ! ಅವರ ಕೈ ಹಿಡಿದು ಅತ್ತುಬಿಟ್ಟೆ. ತಲೆಯ ಮೇಲೆ ಒದ್ದೆ ಬೆಡ್‌ಶೀಟುಗಳು ಮೆಲ್ಲಗೆ ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಏಳುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಏಪ್ರಿಲ್ 19

ಮೂರನೆಯ ಪೌಚ್ ಖಾಯಂ. ಅತ್ತೆ ಈಗ ಬೆರಳು ಪಳಗಿಸುತ್ತಿದ್ದಾರೆ. ಮೂಲೆಯಿಂದ ಮೂಲೆಗೆ ಹಿಸುಕಿ ನೋಡುವುದು. ಊಟಕ್ಕೆ ಕೂತಾಗಲೂ ಪಕ್ಕದಲ್ಲೊಂದು ಪೌಚ್. "ಈ ವಯಸ್ಸಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದೆಯಲ್ಲೇ" ಅಂತ ನನಗೆ ಬೈಗುಳ. ಬೈಯಲಿ.

ಏಪ್ರಿಲ್ 27, ಬೆಳಗ್ಗೆ 10.40

ಮೊದಲ ಪೇಪರ್ ಬ್ಯಾಚ್ ಇವತ್ತು ಹೊರಡುತ್ತದೆ. ಹನ್ನೊಂದಕ್ಕೆ ವ್ಯಾನ್. ಅತ್ತೆ ಐದು ಪ್ಯಾಕೆಟ್ ನನ್ನ ಮುಂದಿಟ್ಟರು.

"ನೀನು ಹೇಳು."

ಇಷ್ಟು ವರ್ಷ ಯಾರಿಗೂ ಹೀಗೆ ಕೊಟ್ಟವರಲ್ಲ. ಹಿಸುಕಿದೆ. ನಾಲ್ಕು ಸರಿ. ಐದನೆಯದರ ಮೂಲೆಯಲ್ಲಿ ಸಣ್ಣದೊಂದು ಗಂಟು. ಹೇಳಿದರೆ ಬ್ಯಾಚ್ ನಿಲ್ಲುತ್ತದೆ. ಮತ್ತೆ ಪ್ಲಾಸ್ಟಿಕ್ಕೇ ಗತಿ. ಮತ್ತೊಮ್ಮೆ ಹಿಸುಕಿದೆ.

"ಇದು ಹೋಗಬಾರದು ಅತ್ತೆ."

ಪ್ಯಾಕೆಟ್ ಕಸಿದುಕೊಂಡರು. "ಎರಡು ಹನಿ ನೀರು ಬಿಟ್ಟು ನಾನೇ ಸೀಲ್ ಮಾಡಿದ್ದು. ನನ್ನ ಹಾಗೆ ನೀನೂ ಹೆದರಿಕೊಂಡು ಚೆನ್ನಾಗಿದೆ ಅಂತೀಯೇನೋ, ನೋಡೋಣ ಅಂತ."

ಅವರ ಕಣ್ಣು ತುಂಬಿತ್ತು. ನನಗೆ ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

ವ್ಯಾನ್ ಬಂತು. ಅತ್ತೆ ಕೆಳಗಿನಿಂದ ಕೂಗುತ್ತಿದ್ದಾರೆ, "ಬರೆದದ್ದು ಸಾಕು, ಬಂದು ಸಹಿ ಹಾಕು!" ಬ್ಯಾಚ್ ಚೀಟಿಯ ಮೇಲೆ ಅವರ ಸಹಿಯ ಪಕ್ಕದಲ್ಲಿ ನನ್ನ —