ಎಡಗೈಯಲ್ಲಿ ಚಾವಟಿ

ಬಿಷ್ಕೆಕ್
ಜುಲೈ ೯, ಗುರುವಾರ

ಪ್ರೀತಿಯ ಅತ್ತೆ, ನನ್ನ ಅಪಾ,

‘ಅಂಗಿ ಕೂತಿದೆ, ಅಂಗಿಯೊಳಗೆ ಗಾಳಿ ಕೂತಿದೆ.’ ನಿಮ್ಮ ಮಗ ತೀರಿಕೊಂಡ ನಲವತ್ತನೆಯ ದಿನ ನೀವು ಗೋಡೆಗೆ ಮುಖ ಮಾಡಿ ಹಾಡಿಕೊಂಡು ಅತ್ತಾಗ ಹೀಗೊಂದು ಸಾಲು ಬಂದಿತ್ತಲ್ಲವೇ? ಹಿಂದಿನದೂ ಮುಂದಿನದೂ ನನಗೆ ಮರೆತುಹೋಗಿದೆ, ನಡುವಿನ ಇದೊಂದು ಉಳಿದುಕೊಂಡಿದೆ. ಗಾಳಿ ಎಲ್ಲಿಯಾದರೂ ಕೂರುತ್ತದೆಯೇ ಅಪಾ? ಬೀಸುತ್ತದೆ, ನಿಲ್ಲುತ್ತದೆ, ಕೂರುವುದಿಲ್ಲ. ಇಷ್ಟು ವರ್ಷ ಗ್ರಂಥಾಲಯದಲ್ಲಿ ಕವಿತೆಗಳ ನಡುವೆಯೇ ಇದ್ದವಳು ನಾನು. ಆದರೂ ನಿಮ್ಮ ಈ ಸಾಲನ್ನು ದಾಟಿ ಹೋಗಲಾಗುತ್ತಿಲ್ಲ.

ನೋಡಿ, ಮೊದಲು ನಿಮ್ಮ ಆರೋಗ್ಯ ಕೇಳಬೇಕಿತ್ತು. ಕಣ್ಣಿನ ನೋವು ಕಡಿಮೆಯಾಯಿತೇ? ಸರೋವರದ ಮೇಲಿಂದ ಬೀಸುವ ಗಾಳಿಗೆ ಕಿವಿ ಮುಚ್ಚದೆ ಹಾಲು ಕರೆಯಲು ಹೋಗಬೇಡಿ. ರಕ್ತದೊತ್ತಡದ ಮಾತ್ರೆಗಳನ್ನು ತಾಲಾಯ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹಿಟ್ಟು, ಉಪ್ಪು ಹೇರಿಕೊಂಡು ಅವನ ಲಾರಿ ನಾಳೆ ಬೆಳಿಗ್ಗೆ ನಿಮ್ಮ ಕಡೆ ಹೊರಡುತ್ತದಂತೆ. ಆ ಎತ್ತರದ ಬೇಸಿಗೆ ಹುಲ್ಲುಗಾವಲಿನಲ್ಲಿ ಫೋನು ಸಿಗದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಈ ವರ್ಷ ಕುದುರೆ ಹಾಲಿನ ಕುಮಿಸ್ ಹುಳಿ ಹೇಗಿದೆ? ಇಲ್ಲಿ ಪೇಟೆಯಲ್ಲಿ ಸಿಗುವುದು ಬರೀ ನೀರು.

ನನ್ನ ಗೊಂಬೆಯಾಟ ನಿಮಗೆ ಗೊತ್ತೇ ಇದೆ. ಸೋಂಕಿನ ಆ ಚಳಿಗಾಲದಲ್ಲಿ ಮನೆಯೊಳಗೆ ಕೂತು ಕೂತು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ನಡೆಸುವುದು ಕಲಿತೆ. ಆಮೇಲೆ ಊರಿನ ಹುಡುಗ ಹುಡುಗಿಯರು ತಾವೇ ಬರೆದು ತಾವೇ ಹಾಡುವ ಹಾಡುಗಳ ಹಿಂದೆ, ಪರದೆಯ ಮೇಲೆ ಓಡಿಸಲು ಒಂದೊಂದನ್ನು ಮಾಡಿಕೊಡತೊಡಗಿದೆ. ಗ್ರಂಥಾಲಯದ ಸಂಬಳಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ನನ್ನ ಖುಷಿಗೆ. ದನದ ಡಾಕ್ಟರಾದ ನಿಮ್ಮ ಮಗ ಸಂಜೆ ಬೂಟು ಬಿಚ್ಚುತ್ತಲೇ ಛೇಡಿಸುತ್ತಿದ್ದರು: “ಏನಮ್ಮಾ, ಇವತ್ತು ನಿನ್ನ ಗೊಂಬೆಗಳಿಗೆ ಹುಲ್ಲು ಹಾಕಿದೆಯಾ? ಯಾವುದಾದರೂ ಸೀನುತ್ತಿದ್ದರೆ ಹೇಳು, ಸೂಜಿ ನನ್ನ ಹತ್ತಿರವೇ ಇದೆ.”

ಅವರು ಹೋದ ಮೇಲಿನ ಚಳಿಗಾಲದಲ್ಲಿ ಸೆಜಿಮ್ ಎಂಬ ಹುಡುಗಿ ಬಂದಳು. ಕೊಚ್ಕೊರ್ ಕಡೆಯವಳು, ಕುದುರೆಗಳ ನಡುವೆ ಬೆಳೆದವಳು, ನಿಮ್ಮ ಮಗನನ್ನು ಎಂದೂ ಕಂಡವಳಲ್ಲ. ಅವಳ ಹಾಡಿನಲ್ಲಿ ಒಬ್ಬ ಮನುಷ್ಯ ಹಿಮದಲ್ಲಿ ಮನೆಯ ಕಡೆ ನಡೆದು ಬರುತ್ತಾನೆ. ನಾನು ಒಂದು ನಿಲುವಂಗಿ, ಒಂದು ಟೋಪಿ ಮಾಡಿಕೊಟ್ಟು ಮುಗಿಸಬೇಕೆಂದಿದ್ದೆ. ನಿಲುವಂಗಿಗೆ ಭುಜ ಬೇಕಾಯಿತು, ಭುಜಕ್ಕೆ ನಡಿಗೆ ಬೇಕಾಯಿತು. ನಿಮ್ಮ ಮಗ ನಿಮಗೆ ಕಳಿಸಲೆಂದು ಫೋನನ್ನು ಕಿಟಕಿಯ ಕಟ್ಟೆಗೆ ಒರಗಿಸಿ, ತೆರೆಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಾ ಅಂಗಳದಲ್ಲಿ ಚಾವಟಿ ಹಿಡಿದು ಮೆರೆಯುತ್ತಾ ನಡೆದ ಒಂದು ಚೂರು ವೀಡಿಯೊ ನನ್ನಲ್ಲಿತ್ತು. ಅದರಿಂದ ನಡಿಗೆ ತೆಗೆದೆ. ಕುದುರೆ ಮೈಮೇಲೆ ಬಿದ್ದಾಗಿನಿಂದ ಉಳಿದ ಆ ಸಣ್ಣ ಕುಂಟು, ಕುತ್ತಿಗೆಯ ಓರೆ, ಎಲ್ಲವೂ ಬಂದವು. ಕೊನೆಗೆ ಮುಖವನ್ನೂ ಕೂರಿಸಿದೆ. ಉಳಿಸುವಾಗ ಯಂತ್ರ ಒಂದು ಹೆಸರು ಕೇಳಿತು. ನಾನು ಅವರನ್ನು ಎಂದಾದರೂ ಹೆಸರು ಹಿಡಿದು ಕರೆದಿದ್ದೇನೆಯೇ? ‘ಅವರು’ ಎಂದು ಬರೆದೆ.

ನಿಮಗೆ ಮುಜುಗರವಾಗುತ್ತಿರಬಹುದು. ನನಗೆ ಹೇಳಿದ್ದು ನೀವೇ: ನಿಮ್ಮ ಅಜ್ಜಿಯ ಕಾಲದಲ್ಲಿ ಸತ್ತವನ ಬಟ್ಟೆಗೆ ಉಣ್ಣೆ ತುಂಬಿ ಗುಡಾರದಲ್ಲಿ ಕೂರಿಸುತ್ತಿದ್ದರು, ಅದನ್ನು ತುಲ್ ಎನ್ನುತ್ತಿದ್ದರು, ಹೆಂಡತಿ ಅದರ ಪಕ್ಕ ಕೂತು ವರ್ಷವಿಡೀ ಹಾಡುತ್ತಿದ್ದಳು. ವರ್ಷದ ಊಟದ ದಿನ ಹಿರಿಯರು ಬಂದು ಅದನ್ನು ಬಿಚ್ಚುತ್ತಿದ್ದರು. “ಬಿಚ್ಚದಿದ್ದರೆ ಅವನೂ ಹೋಗುವುದಿಲ್ಲ, ಇವಳೂ ಏಳುವುದಿಲ್ಲ” ಎಂದಿದ್ದಿರಿ. ನಾನು ಕೂರಿಸಿದ್ದು ಅದನ್ನೇ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು.

ನನ್ನ ಕೆಲಸದ ರೀತಿ ಹೀಗೆ: ಇಲ್ಲೊಂದು ನಿಲುವು, ಅಲ್ಲೊಂದು ನಿಲುವು ಇಡುತ್ತೇನೆ, ನಡುವಿನದನ್ನು ಯಂತ್ರ ತುಂಬಿಕೊಳ್ಳುತ್ತದೆ. ಅವರು ಒಮ್ಮೆ ಬೆಟ್ಟದ ಕಡೆ, ಒಮ್ಮೆ ನದಿಯ ಕಡೆ ನೋಡುವಂತೆ ಇಟ್ಟಿದ್ದೆ. ಈ ಕಡೆಯಿಂದ ಆ ಕಡೆಗೆ ತಲೆ ತಿರುಗಬೇಕಾದರೆ ಕಣ್ಣು ನನ್ನ ಮೇಲೆ ಹಾದುಹೋಗಲೇಬೇಕು. ಅದು ಲೆಕ್ಕ, ನನಗೆ ಗೊತ್ತು. ಆದರೆ ಆ ನೋಟ ನಾನು ಇಟ್ಟದ್ದಲ್ಲ, ಅಪಾ. ಫೋಟೋ ತೆಗೆಯುವಾಗಲೂ ನೇರ ನೋಡದೆ ಮುಖ ತಿರುಗಿಸಿಕೊಳ್ಳುತ್ತಿದ್ದ ಮನುಷ್ಯ ಅಲ್ಲಿ ನನ್ನನ್ನೇ ನೋಡುತ್ತಾರೆ. ಚಿತ್ರವನ್ನು ಅಲ್ಲೇ ನಿಲ್ಲಿಸುತ್ತಿದ್ದೆ. ದಿನದಿನವೂ ನಿಲ್ಲಿಸಿದೆ. ಎರವಲು ತಂದ ಪುಟ್ಟ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಆಳೆತ್ತರಕ್ಕೆ ಬಿಟ್ಟುಕೊಂಡು, ಸಂಜೆಯ ಅಡುಗೆಯ ತರಕಾರಿ ಕೂಡ ಅವರ ಎದುರೇ ಕೂತು ಹೆಚ್ಚಿಕೊಳ್ಳುತ್ತಿದ್ದೆ.

ಹಾಡುವವರು ಪದ್ಯವನ್ನು ಎಷ್ಟು ಬೇಕಾದರೂ ಎಳೆಯುತ್ತಾರೆಂದು ನಾವು ಚಿತ್ರದ ಕೊನೆಯನ್ನು ಅದರ ಆರಂಭಕ್ಕೇ ಹೊಲಿದುಬಿಡುತ್ತೇವೆ, ಅದು ಸುತ್ತುತ್ತಲೇ ಇರುತ್ತದೆ. ಹಾಗಾಗಿ ಅವರು ಹಿಮದಲ್ಲಿ ನಡೆಯುತ್ತಲೇ ಇದ್ದರು. ಸ್ವಂತ ಅಕ್ಕನೆಂಬಂತೆ ನನ್ನನ್ನು ಎಜೆ ಎನ್ನುವ ಸೆಜಿಮ್ ನಗುತ್ತಿದ್ದಳು: “ಎಜೆ, ಈ ಅಣ್ಣ ಮನೆ ಮುಟ್ಟೋದು ಯಾವಾಗ? ನನ್ನ ಹಾಡು ಮುಗಿದು, ಡ್ರಮ್ಮಿನವನು ಟೀ ಕುಡಿದು ಬಂದರೂ ನಡೀತಾನೇ ಇರ್ತಾರಲ್ಲ!” ಮುಟ್ಟಿಸುತ್ತೇನೆ, ಮುಟ್ಟಿಸುತ್ತೇನೆ ಎಂದು ತಿಂಗಳುಗಳನ್ನು ತಳ್ಳಿದೆ. ಮುಟ್ಟಿಸಿದರೆ ಕೆಲಸ ಮುಗಿಯುತ್ತದೆ, ಮುಗಿದರೆ ಅವಳಿಗೆ ಕೊಡಬೇಕು.

ಈ ಶನಿವಾರ ಹಳೆಯ ಹೊಲಿಗೆ ಕಾರ್ಖಾನೆಯ ಅಂಗಳದಲ್ಲಿ ಅವಳ ಸಂಗೀತ ಕಛೇರಿ. ಮೊನ್ನೆ ಅಭ್ಯಾಸಕ್ಕೆ ಹೋಗಿ ದೊಡ್ಡ ಗೋಡೆಯ ಮೇಲೆ ಬಿಟ್ಟೆವು. ಸೆಜಿಮ್ ಹಾಡು ನಿಲ್ಲಿಸಿ ಕತ್ತೆತ್ತಿ ನೋಡಿ, “ಎಜೆ, ಅಣ್ಣ ಎಡಚರಾ? ಚಾವಟಿ ಆ ಕೈಯಲ್ಲಿ ಹಿಡಿದಿದ್ದಾರಲ್ಲ, ಕುದುರೆಗೆ ಹೇಳಿದ್ದಾರೋ ಇಲ್ಲವೋ!” ಎಂದಳು. ಡ್ರಮ್ಮಿನವನು ನಕ್ಕ. ನಾನೂ ನಕ್ಕೆ. ಮನೆಗೆ ಬರುವ ಬಸ್ಸಿನಲ್ಲಿ ಹೊಳೆಯಿತು, ಅವರು ಎಡಚರಾಗಿರಲೇ ಇಲ್ಲ. ಕೆಲವು ಫೋನುಗಳು ನಮ್ಮನ್ನು ನಾವೇ ನೋಡಿಕೊಳ್ಳುತ್ತಾ ತೆಗೆದದ್ದನ್ನು ಕನ್ನಡಿಯಂತೆ ತಿರುಗಿಸಿಯೇ ಉಳಿಸಿಕೊಳ್ಳುತ್ತವೆ. ಇತರರಿಗೆ ಎಚ್ಚರ ಹೇಳುವ ನನಗೇ ಅದು ತೋಚಿರಲಿಲ್ಲ. ಬೈತಲೆ ಆ ಬದಿಗೆ, ಕುಂಟು ಆ ಕಾಲಿಗೆ, ಚಾವಟಿ ಆ ಕೈಗೆ. ಇಷ್ಟು ತಿಂಗಳು ನನ್ನನ್ನು ನೋಡುತ್ತಿದ್ದವರು ಕನ್ನಡಿಯೊಳಗಿನವರು.

ತಿರುಗಿಸುವುದು ಏನು ಮಹಾ, ಒಂದು ಗುಂಡಿ ಒತ್ತಿದರೆ ಆಯಿತು. ಒತ್ತಿದೆ. ಅಪಾ, ಸರಿಯಾದ ಕೈಯಲ್ಲಿ ಚಾವಟಿ ಹಿಡಿದ ಆ ಮನುಷ್ಯ ಯಾರೋ ಅಪರಿಚಿತನಂತೆ ಕಂಡ. ಯಾಕೆ ಬಂದಿರಿ ಎಂದು ಕೇಳಬೇಕೆನಿಸಿತು. ಮತ್ತೆ ತಿರುಗಿಸಿದೆ, ನನ್ನವರು ಬಂದರು. ಆಗ ಕಣ್ಣು ಮುಚ್ಚಿ ನಿಜವಾದ ಅವರನ್ನು, ಬಾಗಿಲು ದೂಡಿ ಒಳಗೆ ಬರುತ್ತಿದ್ದ ಹಾಗೆ, ನೆನೆಯಲು ನೋಡಿದೆ. ಯಾವ ಕಾಲು ಕುಂಟುತ್ತಿತ್ತು? ಲೆಕ್ಕಕ್ಕೆ ಸಿಕ್ಕಿತು, ಕಣ್ಣಿಗೆ ಬರಲಿಲ್ಲ. ಕಣ್ಣೊಳಗೂ ಆ ಗೋಡೆಯೇ, ಗೋಡೆಯ ಮೇಲಿನವರೇ. ಇಪ್ಪತ್ತು ವರ್ಷ ಜೊತೆಗಿದ್ದವರನ್ನು ಇವರು ಸದ್ದಿಲ್ಲದೆ ಹೊರಗೆ ಹಾಕಿದ್ದರು.

ಅದಕ್ಕೇ ಈ ಪತ್ರ. ವರ್ಷದ ಊಟ ಸೆಪ್ಟೆಂಬರಿನಲ್ಲಿ, ನೀವು ಹಿಂಡಿನೊಡನೆ ಇಳಿದು ಬಂದ ಮೇಲೆ. ಅಲ್ಲಿಯವರೆಗೆ ಇವರನ್ನು ಇಟ್ಟುಕೊಳ್ಳಲೇ? ಇಟ್ಟುಕೊಂಡರೆ ನಿಜವಾದವರ ನೆನಪು ಚೂರುಪಾರು ಉಳಿದದ್ದೂ ಹೋಗುತ್ತದೆ ಎಂಬ ಹೆದರಿಕೆ. ಬಿಚ್ಚೋಣವೆಂದರೆ ಹಿರಿಯರಿಲ್ಲದೆ ಹೆಂಡತಿಯೊಬ್ಬಳೇ ಬಿಚ್ಚಬಹುದೇ? ತಾಲಾಯ್ ಮರಳಿ ಬರುವಾಗ ಒಂದು ಮಾತು ಹೇಳಿ ಕಳಿಸಿ.

ನೀವು ಮಕ್ಕಳಂತೆ ನೋಡಿಕೊಳ್ಳುವ ಆ ಮರಿಗುದುರೆಗಳಿಗೂ, ಅಕ್ಕಪಕ್ಕದ ಗುಡಾರದವರಿಗೂ ನನ್ನ ನೆನಪು ಹೇಳಿ. ನಿಮ್ಮ ಒಲೆಯ ಹೊಗೆ ನೇರವಾಗಿ ಏಳಲಿ. ಇಲ್ಲಿಂದಲೇ ಬಾಗಿ ವಂದಿಸುತ್ತೇನೆ.

ನಿಮ್ಮ ಸೊಸೆ,
ಬುರುಲ್

ಶುಕ್ರವಾರ ಬೆಳಿಗ್ಗೆ, ಅವಸರದಲ್ಲಿ: ತಾಲಾಯ್ ಕೆಳಗೆ ಹಾರನ್ ಬಾರಿಸುತ್ತಿದ್ದಾನೆ. ಅಪಾ, ನಿಮ್ಮ ಮಾತಿಗೆ ಕಾಯಲಾಗಲಿಲ್ಲ. ನಿನ್ನೆ ಪತ್ರ ಮಡಿಸಿಟ್ಟ ಮೇಲೆ ಬಿಚ್ಚಿದೆ. ಈ ಕೆಲಸದಲ್ಲಿ ಮೈಯೇ ಬೇರೆ, ಬಟ್ಟೆಯೇ ಬೇರೆ. ಮೈಯನ್ನು ಅಳಿಸಿದೆ. ನಿಲುವಂಗಿ ಒಂದು ಕ್ಷಣ ಹಾಗೇ ನಿಂತಿತ್ತು, ಆಮೇಲೆ ತನ್ನ ಭಾರಕ್ಕೆ ತಾನೇ ಹಿಮದ ಮೇಲೆ ಕುಸಿಯಿತು. ಆ ಬೀಳುವಿಕೆಯನ್ನಷ್ಟೇ ಸೆಜಿಮ್‌ಗೆ ಕಳಿಸಿದ್ದೇನೆ. ವರ್ಷ ತುಂಬುವ ಮೊದಲೇ, ನಿಮ್ಮನ್ನು ಕೇಳದೆ ಮಾಡಿದೆ. ಬೈಯುವುದಿದ್ದರೆ ಇಳಿದು ಬಂದ ಮೇಲೆ ಬೈಯಿರಿ, ಆಮೇಲೆ ಪಕ್ಕದಲ್ಲಿ ಕೂತು ಅವರು ಹೇಗೆ ನಡೆಯುತ್ತಿದ್ದರೆಂದು ನನಗೆ ಹೇಳಿ. ಈಗಷ್ಟೇ ಬಾಗಿಲ ಗಂಟೆ ಸದ್ದಾಯಿತು. ಎದುರು ಕಟ್ಟಡದ ವೇರಾ ಸ್ಟೆಪಾನೊವ್ನಾ, ಮಣ್ಣು ಕೊಟ್ಟ ದಿನ ನನ್ನ ಕೈ ಹಿಡಿದು ಕೂತಿದ್ದವರು, ಆಮೇಲೆ ಚಳಿಗಾಲದಿಂದ ಇತ್ತ ತಲೆ ಹಾಕಿರಲಿಲ್ಲ. ಜಾಮಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಅವರನ್ನು ನಿಲ್ಲಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅವರು ಹೇಳಿದ್ದು ಇದು: “ದಿನಾ ಸಂಜೆ ನಿಮ್ಮೆಜಮಾನರು ಗೋಡೆ ಮೇಲೆ ಓಡಾಡೋದು ನನ್ನ ಅಡುಗೆಮನೆಗೆ ಕಾಣ್ತಿತ್ತು, ಬುರುಲ್. ಗಂಡ ಹೆಂಡತಿ ಇದ್ದಾರೆ, ನಡುವೆ ನಾನ್ಯಾಕೆ ಅಂತ ಬರಲಿಲ್ಲ. ನಿನ್ನೆ ಗೋಡೆ ಖಾಲಿ ಇತ್ತು. ಒಳಗೆ ಬರಲಾ?”