ದಯವಿಟ್ಟು ನನ್ನನ್ನು ಪಾಸು ಮಾಡಬೇಡಿ

ಇಂಗ್ಲಿಷ್ ಟೀಚರಮ್ಮನವರಿಗೆ ನಮಸ್ಕಾರ.

ನನ್ನನ್ನು ಮೇಲಿನ ತರಗತಿಗೆ ಹಾಕಿದ್ದೀರಂತೆ. ಬೇಡ. ಪಾಸಾಗಿದ್ದು ನನ್ನದೇ ತಪ್ಪು, ಇನ್ನೊಮ್ಮೆ ಹಾಗಾಗದಂತೆ ನೋಡಿಕೊಳ್ಳುತ್ತೇನೆ.

ಆ ತರಗತಿಯನ್ನು ಬಾಗಿಲಲ್ಲಿ ನಿಂತು ನೋಡಿದೆ. ಎಲ್ಲರೂ ಕಿವಿಗೆ ಪಾಠ ಹೇಳುವ ಯಂತ್ರ ಸಿಕ್ಕಿಸಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಕಾರ್ಖಾನೆಯಲ್ಲಿ ಯಂತ್ರಗಳ ಜೊತೆಗೇ ಆಯಸ್ಸು ಕಳೆದ ಫಿಟ್ಟರ್ ನಾನು. ಸಾಕಾಗಿದೆ. ನಮ್ಮ ತರಗತಿಯಲ್ಲಾದರೆ ಪಕ್ಕದಲ್ಲಿ ಕೂರುವ ಬೇಕರಿಯಮ್ಮ ದಿನಾ ಇಂಗ್ಲಿಷಿನಲ್ಲಿ ಕೇಳುತ್ತಾರೆ: ಹೇಗಿದ್ದೀರಿ, ಊಟಕ್ಕೆ ಏನಿತ್ತು, ಅಡುಗೆ ಯಾರು ಮಾಡಿದರು? ನಾನು ಎಷ್ಟು ತಡವರಿಸಿದರೂ ಉತ್ತರ ಬರುವ ತನಕ ಕಾಯುತ್ತಾರೆ. ಒಂದೇ ಪದದಲ್ಲಿ ಉತ್ತರಿಸಬಾರದು ಅನ್ನುವುದು ನಿಮ್ಮದೇ ನಿಯಮ.

ಅದಕ್ಕೇ, ಹೆಂಡತಿ ಮಾಡಿದಳು, ಉಪ್ಪು ಜಾಸ್ತಿಯಾಗಿತ್ತು, ಸಣ್ಣ ಜಗಳವೂ ಆಯಿತು ಅಂತ ಹೇಳಿಬಿಟ್ಟೆ. ಅವಳು ತೀರಿಕೊಂಡದ್ದು ನನ್ನ ಅರ್ಜಿ ನೋಡಿದ ನಿಮಗೆ ಗೊತ್ತು. ಬೇಕರಿಯಮ್ಮನಿಗೆ ಹೇಳಬೇಡಿ. ನಿನ್ನೆ ಅವಳಿಗೆಂದೇ ಒಂದು ಬನ್ನು ಕಟ್ಟಿಕೊಟ್ಟರು. ಮನೆಗೆ ಹೋಗಿ ಅರ್ಧ ತಿಂದೆ, ಅವಳ ಪಾಲಿನ ಅರ್ಧ ಮುಚ್ಚಿಟ್ಟೆ.

ಬನ್ನು ಅವಳಿಗೆ ಹಿಡಿಸಿತಾ ಅಂತ ಇವತ್ತು ಕೇಳೇ ಕೇಳುತ್ತಾರೆ. ಉತ್ತರ ಕಲಿತಿಟ್ಟುಕೊಂಡಿದ್ದೇನೆ, ಪೂರ್ತಿ ವಾಕ್ಯದಲ್ಲಿ.

ಇಂತಿ,
ಕಿಟಕಿ ಪಕ್ಕದ ಬೆಂಚಿನವನು