ಹದಿಮೂರು ಜನ ತುಂಬಿದ್ದ ವ್ಯಾನು

ಕಿಬಿರಂಗೊ ಎಂದು ಹೆಸರು ಹೇಳಿದ ಹಿರಿಯರಿಗೆ,

ಅದು ನಿಮ್ಮ ನಿಜವಾದ ಹೆಸರೋ ಅಲ್ಲವೋ ನನಗೆ ತಿಳಿಯದು. ನಿಲ್ದಾಣದೆದುರು ಚಹಾ ಮಾರುವ ಹೆಂಗಸಿನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನೀವು ದಿನಾ ಅಲ್ಲೇ ಇರುತ್ತೀರಂತೆ.

ಆ ಗುರುವಾರ ಬೆಳಿಗ್ಗೆ ಏಳಕ್ಕೆ ನಾನು ಕಂಪಾಲದ ಆ ನಿಲ್ದಾಣಕ್ಕೆ ಓಡಿಬಂದೆ. ತಾಯಿಯಿಲ್ಲದ ನನ್ನನ್ನು ಸಾಕಿದ ಅಕ್ಕ ನಾಂತೆಜಾ ಹಿಂದಿನ ದಿನ ತೀರಿಕೊಂಡಿದ್ದಳು. ಸಂಜೆ ನಾಲ್ಕಕ್ಕೆ ದೂರದ ಊರು ಕಲಿಸಿಜೊದಲ್ಲಿ ಮಣ್ಣು ಮಾಡುವವರಿದ್ದರು. "ಹದಿಮೂರಾಯ್ತು, ಒಬ್ರೇ ಬಾಕಿ! ಹತ್ತು ತಾಯಿ, ಈಗ್ಲೇ ಬಿಟ್ವಿ!" ಎಂದು ಕಂಡಕ್ಟರ್ ಕೂಗಿದ. ಹತ್ತಿ ನಿಮ್ಮ ಪಕ್ಕ ಕೂತೆ.

ಕೂತಿದ್ದೇ ತಡ, ಹಿಂದಿನ ಸೀಟಿನ ಇಬ್ಬರು ನೀರು ತರುತ್ತೇವೆಂದು ಇಳಿದರು. ಮತ್ತೆ ಬರಲೇ ಇಲ್ಲ. ಒಂಬತ್ತಾಯಿತು, ಹತ್ತಾಯಿತು. ಸೀಟೆಲ್ಲ ತುಂಬದೆ ವ್ಯಾನು ಹೊರಡುವುದಿಲ್ಲ; ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯುತ್ತಿದ್ದರು. ದುಃಖದಲ್ಲಿದ್ದ ನನಗೆ ಏನೂ ಹೊಳೆಯಲಿಲ್ಲ. ತೊಡೆಯ ಮೇಲೆ ಅಕ್ಕನ ಹೆಣಕ್ಕೆ ಹೊದಿಸಲು ತಂದ, ಮರದ ತೊಗಟೆ ಬಡಿದು ಮಾಡಿದ ಬಟ್ಟೆ. ಅದನ್ನು ನೋಡಿಯೇ ನೀವು ಕೇಳಿದಿರಿ: "ಯಾರಮ್ಮ ಹೋಗಿದ್ದು?" ನಾನು ಹೇಳಿ ಅತ್ತೆ. "ಸಮಾಧಾನ ಮಾಡ್ಕೊ ಮಗಳೇ. ನೀನು ಹೋಗೋವರ್ಗೂ ಅಕ್ಕ ಎಲ್ಲಿಗೂ ಹೋಗಲ್ಲ," ಎಂದಿರಿ. ದಾರಿಯಲ್ಲಿ ಸಿಗುವ ಮಸಾಕದಲ್ಲಿ ಮಗಳು ಹೆತ್ತಿದ್ದಾಳೆ, ಚೊಚ್ಚಲ ಮೊಮ್ಮಗು, ನೋಡಲು ಹೊರಟಿದ್ದೇನೆ ಎಂದಿರಿ. ಆ ಸಂಕಟದಲ್ಲೂ ನಿಮಗಾಗಿ ಸಂತೋಷಪಟ್ಟು ನನ್ನ ಸುಟ್ಟ ಬಾಳೆಹಣ್ಣು ಮುರಿದುಕೊಟ್ಟೆ.

ಒಂದು ಗಂಟೆಗೆ ನೀವೂ ಇಳಿದಿರಿ. ನಿಮ್ಮ ಜಾಗದಲ್ಲಿ ಯಾರೋ ಕೂರಲು ಬಂದು ವ್ಯಾನು ಹೊರಡಲು ಅಣಿಯಾದಾಗ ನಾನು ಜಗಳವಾಡಿದೆ! "ಹಿರಿಯರು ಬರ್ತಾರೆ, ಬಿಟ್ಟು ಹೋಗ್ಬೇಡಿ!" ಕಂಡಕ್ಟರ್ ಬಿದ್ದು ಬಿದ್ದು ನಕ್ಕ. "ಆ ಮುದುಕನಾ? ಸೀಟು ತುಂಬ್ಸೋಕೆ ಕೂಲಿಗೆ ಕೂರೋನು ಕಣಕ್ಕ. ಇಪ್ಪತ್ತು ವರ್ಷದಿಂದ ಎಲ್ಲಿಗೂ ಹೋಗಿಲ್ಲ!"

ಐದು ಗಂಟೆಗೆ ನಾನು ತಲುಪಿದಾಗ ಗಂಡಸರು ಸಲಿಕೆ ತೊಳೆಯುತ್ತಿದ್ದರು.

ಮೂರು ವಾರದ ನಂತರ ನಾನು ಅದೇ ನಿಲ್ದಾಣಕ್ಕೆ ಬಂದಾಗ ನೀವು ಇನ್ನೊಂದು ವ್ಯಾನಿನಲ್ಲಿ ಒಬ್ಬ ಬಸುರಿ ಹೆಂಗಸಿಗೆ ಅದೇ ಮೊಮ್ಮಗುವಿನ ಕಥೆ ಹೇಳುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತು ಕಿರುಚಿದೆ: "ಇಳೀರಿ! ಇವ್ರು ಯಾರೂ ಪ್ರಯಾಣಿಕರಲ್ಲ!" ನಿಜವಾಗಿ ಪ್ರಯಾಣಕ್ಕೆ ಬಂದಿದ್ದ ನಾಲ್ವರು ಇಳಿದರು. ಉಳಿದವರೆಲ್ಲ ನೆಲ ನೋಡಿದರು. ನೀವು ಮೆಲ್ಲಗೆ, "ನಂಗೂ ಹೊಟ್ಟೆ ಇದ್ಯಲ್ಲ ಮಗಳೇ," ಎಂದಿರಿ.

ಇದೆ, ಗೊತ್ತು. ಆದರೆ ಕೂಲಿ ಸಿಗುತ್ತಿದ್ದದ್ದು ಕೂರುವುದಕ್ಕೆ. ನನ್ನನ್ನು ಸಮಾಧಾನಪಡಿಸೆಂದು ನಿಮಗೆ ಯಾರು ಹೇಳಿದ್ದರು? "ಇಳಿದು ಹೆದ್ದಾರಿಗೆ ಹೋಗು, ದೊಡ್ಡ ಬಸ್ಸು ಸಿಗುತ್ತೆ" ಎಂದು ಕಿವಿಯಲ್ಲಿ ಉಸುರಿದ್ದರೆ ಅಕ್ಕನ ಮುಖ ನೋಡುತ್ತಿದ್ದೆ. ನಾನು ಅಳುವಾಗ ನನ್ನ ಬೆನ್ನು ಸವರಿದಿರಲ್ಲ, ಅದು ನನ್ನನ್ನು ಇವತ್ತಿಗೂ ಸುಡುತ್ತಿದೆ.

ಒಂದು ದಿನ ನೀವೂ ನಿಜವಾಗಿ ಎಲ್ಲಿಗಾದರೂ ಹೋಗಲೇಬೇಕಾಗುತ್ತದೆ. ಅಂದು ನೀವು ಹತ್ತಿದ ವ್ಯಾನು ಆ ಕ್ಷಣವೇ ಹೊರಡಲಿ. ಇಷ್ಟು ಹಾರೈಸುವುದಕ್ಕೇ ನಾನು ಹಲ್ಲು ಕಚ್ಚಿಕೊಳ್ಳಬೇಕಾಯಿತು. ಕ್ಷಮೆ ಮಾತ್ರ ಕೇಳಬೇಡಿ.

ನಾಂತೆಜಾಳ ತಂಗಿ,
ನಮ್ಯಾಲೊ